ಒಂದು ಚೌಕ, ಒಂದು ಹಗ್ಗ: ಹೊಯ್ಸಳರ ಗುಡಿಯ ವಿನ್ಯಾಸ ತಿಳಿಯುವುದು ಹೇಗೆ?

2023ರ ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಗುಡಿಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಹಂಪಿ, ಪಟ್ಟದಕಲ್ಲು, ಪಶ್ಚಿಮ ಘಟ್ಟಗಳ ನಂತರ ಕರ್ನಾಟಕಕ್ಕೆ ಸಿಕ್ಕ ನಾಲ್ಕನೇ ಮನ್ನಣೆ ಇದು. ಶಾಲೆಯ ಪ್ರವಾಸದಲ್ಲಿ ಓಡೋಡಿ ನೋಡಿ ಬಂದವರಿಗೂ ಈಗ ಇನ್ನೊಮ್ಮೆ ಹೋಗಬೇಕು, ಮಕ್ಕಳಿಗೆ ತೋರಿಸಬೇಕು ಅನ್ನಿಸುತ್ತಿದೆ.

ಅಲ್ಲಿಗೆ ಹೋದರೆ ಏನು ನೋಡುತ್ತೇವೆ? ಕನ್ನಡಿ ಹಿಡಿದ ದರ್ಪಣಸುಂದರಿ, ನೊಣ ಹಿಡಿಯಲು ಹೊಂಚು ಹಾಕಿದ ಹಲ್ಲಿ, ಬೆರಳಿನಷ್ಟು ಗಾತ್ರದ ಕುದುರೆ ಸವಾರ. ಎಲ್ಲವೂ ನೋಡಬೇಕಾದವೇ. ಆದರೆ ಇಷ್ಟೊಂದು ಸಣ್ಣ ಕೆಲಸ ಒಟ್ಟಿಗೆ ಸೇರಿದಾಗ ಗುಡಿ ಗಜಿಬಿಜಿ ಆಗಬೇಕಿತ್ತು, ಅಲ್ವಾ? ಹಾಗೆ ಆಗಿಲ್ಲ. ದೂರದಿಂದ ನೋಡಿದರೂ ಅದು ಒಂದೇ ಅಚ್ಚುಕಟ್ಟಾದ ಕಟ್ಟಡ. ಇದಕ್ಕೆ ಕಾರಣ ಕೆತ್ತನೆಗಿಂತ ಮೊದಲು ನಡೆದ ಕೆಲಸ: ಕಲ್ಲಿನ ಆಯ್ಕೆ, ನೆಲದ ಮೇಲೆ ಹಗ್ಗ ಹಿಡಿದು ಹಾಕಿದ ಗೆರೆ, ಮೂರ್ತಿಯ ಅಳತೆ. ನಮ್ಮ ಹಳೆಯ ಶಿಲ್ಪಿಗಳು ಒಳ್ಳೆಯ ವಿನ್ಯಾಸ ಎಂದು ಯಾವುದನ್ನು ಒಪ್ಪುತ್ತಿದ್ದರು ಅನ್ನುವುದು ಈ ಮೂರರಲ್ಲೇ ಹೆಚ್ಚು ಕಾಣುತ್ತದೆ.

ಕಲ್ಲು ಹೇಳಿದಂತೆ ಗುಡಿ

ಪಟ್ಟದಕಲ್ಲಿನ ಗುಡಿಗಳು ಮರಳುಗಲ್ಲಿನವು. ತಂಜಾವೂರಿನ ಬೃಹದೀಶ್ವರ ಗ್ರಾನೈಟ್‌ನದು. ಹೊಯ್ಸಳರ ಶಿಲ್ಪಿಗಳು ಹಿಡಿದದ್ದು ಬಳಪದ ಕಲ್ಲು. ಹಸಿರು ಮಿಶ್ರಿತ ಬೂದು ಬಣ್ಣ, ಮುಟ್ಟಿದರೆ ನುಣುಪು. ಗಣಿಯಿಂದ ಹೊಸದಾಗಿ ತೆಗೆದಾಗ ಇದು ಮೆತ್ತಗಿರುತ್ತದೆ, ಉಳಿಗೆ ಸುಲಭವಾಗಿ ಬಗ್ಗುತ್ತದೆ. ಗಾಳಿ, ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತಾ ಹೋಗುತ್ತದೆ.

ಈ ಒಂದು ಗುಣ ಇಡೀ ಶೈಲಿಯನ್ನೇ ಬದಲಿಸಿತು. ಗ್ರಾನೈಟ್ ಕೆತ್ತುವವನು ಒಂದೊಂದು ಏಟಿಗೂ ಲೆಕ್ಕ ಹಾಕಬೇಕು. ಅದಕ್ಕೇ ಗ್ರಾನೈಟ್ ಗುಡಿಗಳಲ್ಲಿ ಗಾತ್ರ ದೊಡ್ಡದು, ಬಯಲು ಗೋಡೆ ಜಾಸ್ತಿ. ಬಳಪದ ಕಲ್ಲಿನಲ್ಲಾದರೆ ಸರದ ಹಿಂದೆ ಉಳಿ ಹೋಗಿ ಕಲ್ಲನ್ನು ಟೊಳ್ಳು ಮಾಡಬಹುದು. ಸರ ಎದೆಯಿಂದ ಬಿಡಿಸಿಕೊಂಡು ನಿಲ್ಲುತ್ತದೆ, ಅದರ ನೆರಳು ಮೈಮೇಲೆ ಬೀಳುತ್ತದೆ. ಹೊಯ್ಸಳರ ಮೂರ್ತಿಗಳ ಒಡವೆ ಅಷ್ಟು ಎದ್ದು ಕಾಣುವುದು ಈ ನೆರಳಿನಿಂದಲೇ.

ಇದನ್ನು ಹೊಯ್ಸಳರೇ ಕಂಡುಹಿಡಿದರು ಎನ್ನುವಂತಿಲ್ಲ. ಅವರಿಗಿಂತ ಮುಂಚೆ ಲಕ್ಕುಂಡಿ, ಇಟಗಿ ಕಡೆ ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳು ಮರಳುಗಲ್ಲು ಬಿಟ್ಟು ಬಳಪದ ಕಲ್ಲಿಗೆ ಬಂದಿದ್ದರು. ಇಟಗಿಯ ಮಹಾದೇವ ಗುಡಿ 1112ರದು, ಬೇಲೂರಿಗಿಂತ ಐದು ವರ್ಷ ಹಿರಿಯದು. ಶಿಲ್ಪಿಗಳು ಊರಿಂದೂರಿಗೆ ಹೋಗುತ್ತಿದ್ದರು, ಅವರ ಜತೆ ಕೈಚಳಕವೂ ಹೋಯಿತು.

ಚೌಕ ತಿರುಗಿದರೆ ನಕ್ಷತ್ರ

ಹೊಯ್ಸಳರ ಗುಡಿ ಎಂದ ಕೂಡಲೇ ಎಲ್ಲರೂ ಹೇಳುವುದು ನಕ್ಷತ್ರದ ಆಕಾರ. ಅದು ಹೇಗೆ ಬರುತ್ತದೆ ಅನ್ನುವುದು ಮಾತ್ರ ಬೋರ್ಡಿನಲ್ಲಿ ಬರೆದಿರುವುದಿಲ್ಲ. ಒಂದು ಹಾಳೆ, ಪೆನ್ಸಿಲ್ ಇದ್ದರೆ ಮನೆಯಲ್ಲೇ ಹಾಕಿ ನೋಡಬಹುದು.

ಮೊದಲು ದಿಕ್ಕು ಬೇಕು. ವಾಸ್ತು ಗ್ರಂಥಗಳು ಹೇಳುವ ದಾರಿ ತುಂಬ ಸರಳ. ಸಮತಟ್ಟಾದ ನೆಲದಲ್ಲಿ ಒಂದು ಗೂಟ ನೆಡಬೇಕು. ಇದಕ್ಕೆ ಶಂಕು ಎಂದು ಹೆಸರು. ಅದರ ಬುಡಕ್ಕೆ ಹಗ್ಗ ಕಟ್ಟಿ ಸುತ್ತ ಒಂದು ವೃತ್ತ ಎಳೆಯಬೇಕು. ಬೆಳಿಗ್ಗೆ ಗೂಟದ ನೆರಳು ಉದ್ದ ಇರುತ್ತದೆ, ಹೊತ್ತು ಏರಿದಂತೆ ಕುಗ್ಗುತ್ತದೆ. ನೆರಳಿನ ತುದಿ ವೃತ್ತದ ಗೆರೆಯನ್ನು ಪಡುವಣ ಕಡೆ ಮುಟ್ಟಿದ ಜಾಗಕ್ಕೆ ಒಂದು ಗುರುತು. ಮಧ್ಯಾಹ್ನದ ಮೇಲೆ ನೆರಳು ಮತ್ತೆ ಬೆಳೆದು ಮೂಡಣ ಕಡೆ ಗೆರೆ ಮುಟ್ಟುತ್ತದೆ. ಅಲ್ಲಿ ಇನ್ನೊಂದು ಗುರುತು. ಎರಡನ್ನೂ ಸೇರಿಸಿದರೆ ಪೂರ್ವ–ಪಶ್ಚಿಮದ ಗೆರೆ ಸಿಕ್ಕಿತು. ದಿಕ್ಸೂಚಿ ಬೇಕಿಲ್ಲ.

ಆ ಎರಡು ಗುರುತುಗಳಲ್ಲಿ ಹಗ್ಗ ಇಟ್ಟು ಕಮಾನು ಎಳೆದರೆ ಉತ್ತರ–ದಕ್ಷಿಣದ ಗೆರೆ ಸಿಗುತ್ತದೆ. ವೃತ್ತ ನಾಲ್ಕು ಪಾಲಾಯಿತು. ಪ್ರತಿ ಪಾಲನ್ನೂ ಅರ್ಧ ಮಾಡಿದರೆ ಎಂಟು, ಮತ್ತೆ ಅರ್ಧ ಮಾಡಿದರೆ ಹದಿನಾರು ಚುಕ್ಕಿ. ಇಲ್ಲಿಂದ ಮುಂದೆ ಚುಕ್ಕಿ ರಂಗೋಲಿ ಹಾಕುವವರಿಗೆ ಹೇಳಿಕೊಡಬೇಕಾದ್ದೇ ಇಲ್ಲ. ಚುಕ್ಕಿಗಳಿಗೆ 1ರಿಂದ 16ರವರೆಗೆ ಅಂಕಿ ಕೊಡಿ. 1, 5, 9, 13 ಸೇರಿಸಿ, ಒಂದು ಚೌಕ ಬಂತು. 2, 6, 10, 14 ಸೇರಿಸಿ, ಅದೇ ಚೌಕ ಸ್ವಲ್ಪ ತಿರುಗಿ ಕೂತಿತು. ಹೀಗೆ ನಾಲ್ಕು ಚೌಕ. ಒಂದಕ್ಕಿಂತ ಒಂದು 22.5 ಡಿಗ್ರಿ ತಿರುಗಿರುತ್ತದೆ. ಈಗ ಒಳಗಿನ ಗೆರೆಗಳನ್ನೆಲ್ಲ ಅಳಿಸಿ ಹೊರಗಿನ ಅಂಚು ಮಾತ್ರ ಉಳಿಸಿದರೆ ಹದಿನಾರು ಮೂಲೆಯ ನಕ್ಷತ್ರ. ಸೋಮನಾಥಪುರದ ಮೂರೂ ಗರ್ಭಗುಡಿಗಳ ಹೊರ ಆಕಾರ ಹುಟ್ಟುವುದು ಇದರಿಂದ. ಒಂದು ಬದಿ ಮಂಟಪಕ್ಕೆ ಸೇರಿಕೊಳ್ಳುವುದರಿಂದ ಅಲ್ಲಿನ ಮೂಲೆಗಳು ಕಾಣುವುದಿಲ್ಲ, ಅಷ್ಟೆ.

ಇದರಲ್ಲಿ ಒಂದು ಜಾಣತನ ಅಡಗಿದೆ. ನಕ್ಷತ್ರ ನೋಡಲು ಎಷ್ಟು ತೊಡಕೋ ಕಟ್ಟಲು ಅಷ್ಟು ತೊಡಕಲ್ಲ. ಹೊರಗೆ ಚಾಚಿದ ಪ್ರತಿ ಮೂಲೆಯೂ ಯಾವುದೋ ಒಂದು ಚೌಕದ ಮೂಲೆ. ಅಂದರೆ ಹದಿನಾರೂ ಮೂಲೆಗಳು ಸರಿಯಾಗಿ 90 ಡಿಗ್ರಿ. ಮೂಲೆಗಳ ನಡುವಿನ ಸಂದು ಎಲ್ಲ ಕಡೆ 112.5 ಡಿಗ್ರಿ. ಕಲ್ಲು ಕಡಿಯುವವನಿಗೆ ಎರಡೇ ಅಚ್ಚು ಸಾಕು. ಒಂದು ಮೂಲೆಗೆ, ಒಂದು ಸಂದಿಗೆ. ಹತ್ತಾರು ಜನ ಬೇರೆ ಬೇರೆ ಕಡೆ ಕೂತು ಕಡಿದರೂ ಕಲ್ಲು ತಂದು ಜೋಡಿಸಿದಾಗ ಕೂಡಿಕೊಳ್ಳುತ್ತದೆ.

ಇದೇ ಲೆಕ್ಕವನ್ನು ಮುಂದುವರಿಸಿ ಆರು ಚೌಕ ಇಟ್ಟು, ಒಂದೊಂದನ್ನೂ 15 ಡಿಗ್ರಿ ತಿರುಗಿಸಿದರೆ 24 ಮೂಲೆ. ಗದಗ ಜಿಲ್ಲೆಯ ಡಂಬಳದ ದೊಡ್ಡಬಸಪ್ಪ ಗುಡಿಯಲ್ಲಿ ಅದನ್ನೂ ಮಾಡಿದ್ದಾರೆ. ದೂರದಿಂದ ಆ ಗುಡಿ ದುಂಡಗೇ ಕಾಣುತ್ತದೆ. ಹತ್ತಿರ ಹೋದಾಗಲೇ ಅದು ಚೌಕಗಳದ್ದು ಎಂದು ಗೊತ್ತಾಗುವುದು.

ಇಷ್ಟೆಲ್ಲ ಯಾಕೆ ಮಾಡಬೇಕಿತ್ತು, ಸುಮ್ನೆ ನಾಲ್ಕು ಗೋಡೆ ಸಾಲದಿತ್ತೇ? ಎರಡು ಕಾರಣ ಕಣ್ಣಿಗೇ ಕಾಣುತ್ತವೆ. ಗೋಡೆ ಮಡಚಿಕೊಂಡಷ್ಟೂ ಮೂರ್ತಿ ಇಡಲು ಜಾಗ ಹೆಚ್ಚುತ್ತದೆ. ಇನ್ನೊಂದು ಬೆಳಕು. ನೇರ ಗೋಡೆಯ ಮೇಲೆ ಬಿಸಿಲು ಬಿದ್ದರೆ ಪೂರ್ತಿ ಬೀಳುತ್ತದೆ, ಇಲ್ಲದಿದ್ದರೆ ಪೂರ್ತಿ ನೆರಳು. ನಕ್ಷತ್ರದ ಗೋಡೆಯಲ್ಲಿ ಒಂದು ಮುಖಕ್ಕೆ ಬಿಸಿಲು, ಪಕ್ಕದ್ದಕ್ಕೆ ಅರೆ ಬೆಳಕು, ಅದರಾಚೆಯದಕ್ಕೆ ನೆರಳು. ಹೊತ್ತು ಸರಿದಂತೆ ಇದು ಬದಲಾಗುತ್ತಾ ಹೋಗುತ್ತದೆ. ಬೆಳಿಗ್ಗೆ ಮಂಕಾಗಿದ್ದ ಮೂರ್ತಿ ಸಂಜೆ ಎದ್ದು ಬರುತ್ತದೆ.

ಜಗತಿ: ನಡೆಯುವವರಿಗಾಗಿ

ಗುಡಿ ನಿಂತಿರುವ ಎತ್ತರದ ಕಟ್ಟೆಗೆ ಜಗತಿ ಎನ್ನುತ್ತಾರೆ. ಸುಮಾರು 3 ಅಡಿ ಎತ್ತರ. ಇದು ಸುಮ್ಮನೆ ಆಯತಾಕಾರದ ಕಟ್ಟೆಯಲ್ಲ, ಗುಡಿಯ ಗೋಡೆ ಎಲ್ಲಿ ತಿರುಗುತ್ತದೋ ಅಲ್ಲಿ ತಾನೂ ತಿರುಗುತ್ತದೆ. ಈ ಗುಡಿಗಳಲ್ಲಿ ಸಾಮಾನ್ಯವಾಗಿ ಗರ್ಭಗುಡಿಯ ಸುತ್ತ ಒಳಗಡೆ ಪ್ರದಕ್ಷಿಣೆಯ ದಾರಿ ಇರುವುದಿಲ್ಲ. ಆ ದಾರಿಯನ್ನು ಹೊರಗೆ ತಂದು ಜಗತಿಯ ಮೇಲೆ ಇಟ್ಟರು. ಹಾಗಾಗಿ ಪ್ರದಕ್ಷಿಣೆ ಹಾಕುವುದೂ ಗೋಡೆ ನೋಡುವುದೂ ಒಂದೇ ಕೆಲಸವಾಯಿತು. ಎಷ್ಟೋ ಜನ ಕೆಳಗೆ ಹುಲ್ಲಿನ ಮೇಲೇ ನಿಂತು ಫೋಟೋ ತೆಗೆದು ಹೊರಟುಬಿಡುತ್ತಾರೆ. ದಯವಿಟ್ಟು ಹತ್ತಿ ಒಂದು ಸುತ್ತು ಬನ್ನಿ. ಗೋಡೆ ಕೆತ್ತಿರುವುದೇ ಅಲ್ಲಿ ನಡೆಯುವವರಿಗಾಗಿ.

ಗೋಡೆಯನ್ನು ಕೆಳಗಿನಿಂದ ಓದಿ

ಸೋಮನಾಥಪುರದ ಕೇಶವ ಗುಡಿಯನ್ನೇ ತೆಗೆದುಕೊಳ್ಳೋಣ. ಮೂರನೇ ನರಸಿಂಹನ ದಂಡನಾಯಕ ಸೋಮನಾಥ 13ನೇ ಶತಮಾನದಲ್ಲಿ ಕಟ್ಟಿಸಿದ್ದು. ಗರ್ಭಗುಡಿಯ ಹೊರಗೋಡೆಯ ಬುಡದಲ್ಲಿ ಒಂದರ ಮೇಲೊಂದು ಆರು ಪಟ್ಟಿಕೆಗಳಿವೆ. ಕೆಳಗಿನಿಂದ ಮೇಲಕ್ಕೆ ಆನೆ, ಕುದುರೆ ಸವಾರರು, ಬಳ್ಳಿ, ಪುರಾಣದ ಕಥೆ, ಮಕರ, ಹಂಸ. ಹಳೇಬೀಡಿನಲ್ಲಿ ಇದೇ ಸಾಲು ಎಂಟಕ್ಕೆ ಏರಿದೆ. ಅಲ್ಲಿ ಸಿಂಹ ಬರುತ್ತದೆ, ಬಳ್ಳಿ ಎರಡು ಸಲ ಬರುತ್ತದೆ.

ಆನೆ ಬಲಕ್ಕೆ, ಕುದುರೆ ವೇಗಕ್ಕೆ ಎಂದು ವಿವರಿಸುವುದುಂಟು. ಅದಿರಲಿ, ಪಟ್ಟಿಕೆಗಳು ಕಟ್ಟಡಕ್ಕೆ ಮಾಡುವ ಕೆಲಸ ನೋಡಿ. ನಕ್ಷತ್ರದ ಮೂಲೆಗಳು ಗೋಡೆಯನ್ನು ಉದ್ದುದ್ದಕ್ಕೆ ತುಂಡು ತುಂಡು ಮಾಡುತ್ತವೆ. ಪಟ್ಟಿಕೆಗಳು ಎಲ್ಲೂ ಕಡಿಯದೆ ಮೂಲೆ, ಸಂದು ಎಲ್ಲವನ್ನೂ ಬಳಸಿಕೊಂಡು ಅಡ್ಡಡ್ಡ ಓಡುತ್ತವೆ. ಉದ್ದದ ಗೆರೆ ಬಿಡಿಸುತ್ತದೆ, ಅಡ್ಡದ ಗೆರೆ ಕಟ್ಟಿ ಹಿಡಿಯುತ್ತದೆ. ದೂರದಿಂದ ನೋಡುವವರಿಗೆ ಗಜಿಬಿಜಿ ಅನ್ನಿಸದಿರಲು ಮುಖ್ಯ ಕಾರಣ ಇದೇ ಎಂದು ನನಗನ್ನಿಸುತ್ತದೆ.

ಕಥೆಯ ಪಟ್ಟಿಕೆ ಪ್ರದಕ್ಷಿಣೆಯ ದಿಕ್ಕಿನಲ್ಲೇ ಸಾಗುತ್ತದೆ. ದಕ್ಷಿಣದ ಗರ್ಭಗುಡಿಯ ಸುತ್ತ ರಾಮಾಯಣ, ಹಿಂಬದಿಯಲ್ಲಿ ಕೃಷ್ಣನ ಕಥೆ, ಉತ್ತರದಲ್ಲಿ ಮಹಾಭಾರತ. ಎದುರು ದಿಕ್ಕಿನಿಂದ ಬಂದರೆ ಕಥೆ ಹಿಂದುಮುಂದಾಗುತ್ತದೆ.

ಪಟ್ಟಿಕೆಗಳ ಮೇಲೆ ದೊಡ್ಡ ಮೂರ್ತಿಗಳ ಸಾಲು. ಅದರ ಮೇಲೆ ಒಂದು ಸೂರು. ಸೂರಿನ ಮೇಲೆ ತೆಳ್ಳನೆಯ ಅರೆಗಂಬಗಳು, ಅವುಗಳ ತಲೆಯ ಮೇಲೆ ಪುಟ್ಟ ಪುಟ್ಟ ಶಿಖರಗಳು. ಆಮೇಲೆ ಇನ್ನೊಂದು ಸೂರು, ಅದರ ಮೇಲೆ ನಿಜವಾದ ಶಿಖರ. ಈ ಪುಟ್ಟ ಶಿಖರಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಅರೆಗಂಬವನ್ನೂ ಮೇಲಿನ ಶಿಖರವನ್ನೂ ಸೇರಿಸಿ ನೋಡಿದರೆ ಅದು ಒಂದು ಚಿಕ್ಕ ಗುಡಿ. ಇಂಥ ಚಿಕ್ಕ ಗುಡಿಗಳಿಗೆ ಆಕಾರಕ್ಕೆ ತಕ್ಕ ಹೆಸರೂ ಇದೆ. ಚೌಕದ್ದು ಕೂಟ, ಉದ್ದನೆಯದು ಶಾಲೆ, ಕಿರಿದಾದ ಗೂಡಿನಂಥದ್ದು ಪಂಜರ. ಗೋಡೆಯನ್ನು ಸಮತಟ್ಟಾಗಿ ಕಟ್ಟಿ ಆಮೇಲೆ ಅಲಂಕಾರ ಅಂಟಿಸಿದ್ದಲ್ಲ ಇದು. ಚಿಕ್ಕ ಗುಡಿಗಳನ್ನು ಒತ್ತೊತ್ತಾಗಿ ನಿಲ್ಲಿಸಿದಾಗ ಆಗುವ ಸಾಲೇ ಗೋಡೆ ಎಂಬ ಕಲ್ಪನೆ.

ಕತ್ತೆತ್ತಿ ನೋಡಿದರೆ ದೊಡ್ಡ ಶಿಖರವೂ ಹಾಗೆಯೇ. ಅದೇ ಚಿಕ್ಕ ಗುಡಿಗಳು ಅಂತಸ್ತಿನಿಂದ ಅಂತಸ್ತಿಗೆ ಕಿರಿದಾಗುತ್ತಾ ಏರುತ್ತವೆ. ನೆಲದ ಮೇಲೆ ಹಾಕಿದ ನಕ್ಷತ್ರದ ಮೂಲೆಗಳು ಶಿಖರದಲ್ಲೂ ಮುಂದುವರಿಯುತ್ತವೆ. ಬುಡದ ಒಂದು ಮೂಲೆಗೆ ಬೆರಳಿಟ್ಟು ಕಣ್ಣನ್ನು ಮೇಲಕ್ಕೆ ಒಯ್ಯಿರಿ, ಅದು ಶಿಖರದ ತುದಿಯ ಹತ್ತಿರದವರೆಗೂ ಕರೆದೊಯ್ಯುತ್ತದೆ. ಇದನ್ನು ಸೋಮನಾಥಪುರದಲ್ಲೇ ನೋಡಬೇಕು. ಬೇಲೂರು, ಹಳೇಬೀಡಿನಲ್ಲಿ ಮುಖ್ಯ ಶಿಖರಗಳು ಈಗ ಇಲ್ಲ.

ಮೂರ್ತಿಗೆ ಅದರದೇ ಅಳತೆಗೋಲು

ಮೂರ್ತಿ ಕೆತ್ತುವವರ ಅಳತೆಗೆ ತಾಳಮಾನ ಎಂದು ಹೆಸರು. ಗಲ್ಲದಿಂದ ಹಣೆಯ ಕೂದಲಂಚಿನವರೆಗಿನ ಮುಖದ ಉದ್ದ ಒಂದು ತಾಳ. ಒಂದು ತಾಳದಲ್ಲಿ 12 ಅಂಗುಲ. ಈ ಅಂಗುಲ ನಮ್ಮ ಸ್ಕೇಲಿನ ಇಂಚಿನಂತೆ ಎಲ್ಲ ಕಡೆ ಒಂದೇ ಅಲ್ಲ. ಮೂರ್ತಿ ಎಷ್ಟು ಎತ್ತರವೋ ಅದಕ್ಕೆ ತಕ್ಕಂತೆ ಅಂಗುಲ ಹುಟ್ಟುತ್ತದೆ.

ಒಂದು ಲೆಕ್ಕ ಮಾಡೋಣ. ನವತಾಳ ಎಂದರೆ ಒಂಬತ್ತು ತಾಳ, ಅಂದರೆ 108 ಅಂಗುಲ. ಕಲ್ಲಿನಲ್ಲಿ ಮೂರ್ತಿಗೆ ಸಿಗುವ ಎತ್ತರ 54 ಸೆಂಟಿಮೀಟರ್ ಇದ್ದರೆ ಅದನ್ನು 108 ಪಾಲು ಮಾಡಬೇಕು. ಒಂದು ಅಂಗುಲಕ್ಕೆ ಅರ್ಧ ಸೆಂಟಿಮೀಟರ್ ಬಂತು. ಮುಖ 12 ಅಂಗುಲ, ಅಂದರೆ 6 ಸೆಂಟಿಮೀಟರ್. ಕಲ್ಲು ಇದರ ಎರಡರಷ್ಟಿದ್ದರೆ ಅಂಗುಲವೂ ಎರಡರಷ್ಟು, ಮುಖವೂ ಎರಡರಷ್ಟು. ಹೊಂದಾಣಿಕೆ ಮಾತ್ರ ಕೆಡುವುದಿಲ್ಲ.

ಯಾವ ಮೂರ್ತಿಗೆ ಎಷ್ಟು ತಾಳ ಅನ್ನುವುದು ಗ್ರಂಥದಿಂದ ಗ್ರಂಥಕ್ಕೆ ಸ್ವಲ್ಪ ಬದಲಾಗುತ್ತದೆ. ಸಾಮಾನ್ಯವಾಗಿ ದೊಡ್ಡ ದೇವರಿಗೆ ದಶತಾಳ, ಗಣಪತಿಗೆ ಪಂಚತಾಳ. ಗಣಪತಿ ಮಗುವಿನಂತೆ ಕಾಣಲು ಈ ಅಳತೆಯೇ ಕಾರಣ. ಎತ್ತರದ ಐದನೇ ಒಂದು ಪಾಲು ಮುಖಕ್ಕೇ ಹೋದರೆ ಮೈ ಗಿಡ್ಡವಾಗಿ, ತಲೆ ದೊಡ್ಡದಾಗಿ ಕಾಣುತ್ತದೆ. ಮಕ್ಕಳ ಮೈಕಟ್ಟೂ ಹಾಗೇ ತಾನೇ.

ಇಂಥ ನಿಯಮ ಶಿಲ್ಪಿಯ ಕೈ ಕಟ್ಟಿಹಾಕುತ್ತದೆ ಎಂದು ನಮಗೆ ಅನ್ನಿಸಬಹುದು. ಕೆಲಸದ ಜಾಗದಲ್ಲಿ ಅದು ಬೇರೆ ರೀತಿ ನೆರವಾಗುತ್ತಿತ್ತು. ಒಂದು ಗುಡಿಯಲ್ಲಿ ಹತ್ತಾರು ಜನ ಕೆತ್ತುತ್ತಾರೆ, ವರ್ಷಗಟ್ಟಲೆ ಕೆಲಸ ನಡೆಯುತ್ತದೆ, ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಹಿಡಿಯುತ್ತಾರೆ. ಅಳತೆ ಎಲ್ಲರಿಗೂ ಗೊತ್ತಿದ್ದರೆ ಭುಜ ಎಲ್ಲಿ, ಹೊಕ್ಕುಳು ಎಲ್ಲಿ ಎಂದು ಯಾರನ್ನೂ ಕೇಳಬೇಕಿಲ್ಲ. ಸೊಂಟ ಎಷ್ಟು ಬಾಗಬೇಕು, ಬೆರಳು ಹೇಗೆ ಮಡಚಬೇಕು, ತುಟಿಯಲ್ಲಿ ನಗು ಎಷ್ಟಿರಬೇಕು ಅನ್ನುವುದಕ್ಕೆ ಮನಸ್ಸು ಕೊಡಬಹುದು.

ನಾಲ್ಕು ಕೈ, 24 ಹೆಸರು

ವಿಷ್ಣುವಿನ ಕೈಯಲ್ಲಿ ಶಂಖ, ಚಕ್ರ, ಗದೆ, ಪದ್ಮ. ನಾಲ್ಕು ಕೈಗೆ ನಾಲ್ಕು ವಸ್ತು. ಇವನ್ನು ಎಷ್ಟು ಬಗೆಯಲ್ಲಿ ಅದಲುಬದಲು ಮಾಡಬಹುದು? ಮೊದಲ ಕೈಗೆ ನಾಲ್ಕು ಆಯ್ಕೆ, ಎರಡನೆಯದಕ್ಕೆ ಮೂರು, ಮೂರನೆಯದಕ್ಕೆ ಎರಡು, ಕೊನೆಯದಕ್ಕೆ ಒಂದು. ಗುಣಿಸಿದರೆ 24. ಆಚಮನ ಮಾಡುವಾಗ ಹೇಳುವ ಕೇಶವ, ನಾರಾಯಣ, ಮಾಧವ, ಗೋವಿಂದ ಎಂದು ಸಾಗುವ ಹೆಸರುಗಳೂ 24. ಒಂದೊಂದು ಜೋಡಣೆಗೆ ಒಂದೊಂದು ಹೆಸರು. ಹೊಯ್ಸಳರ ವಿಷ್ಣು ಗುಡಿಗಳ ಗೋಡೆಯ ಮೇಲೆ ಒಂದೇ ಥರ ಕಾಣುವ ನಿಂತ ವಿಷ್ಣುಗಳು ಯಾಕಿಷ್ಟು ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಮುಖ ನೋಡಿದರೆ ಗೊತ್ತಾಗುವುದಿಲ್ಲ, ಕೈ ನೋಡಬೇಕು.

ತಲೆಯ ಮೇಲೆ ಮತ್ತೆ ಅದೇ ಚೌಕ

ಒಳಗೆ ಹೋದರೆ ನವರಂಗ. ನಡುವೆ ನಾಲ್ಕು ಕಂಬ ನಿಲ್ಲಿಸಿ ಮಂಟಪವನ್ನು ಒಂಬತ್ತು ಅಂಕಣ ಮಾಡಿರುತ್ತಾರೆ. ನುಣ್ಣಗೆ ಹೊಳೆಯುವ ಕಂಬಗಳು ಕಲ್ಲನ್ನು ತಿರುಗಿಸಿ ಕಡೆದವು. ಬುಡವನ್ನೂ ತಲೆಯನ್ನೂ ಚೌಕವಾಗಿಯೇ ಬಿಟ್ಟು ನಡುಭಾಗ ಮಾತ್ರ ದುಂಡಗೆ ಕಡೆದಿರುತ್ತಾರೆ. ಕೆಳಗೆ ನೆಲ, ಮೇಲೆ ತೊಲೆ ಕೂರಬೇಕಲ್ಲ, ಅಲ್ಲಿ ಸಮತಟ್ಟು ಮುಖ ಬೇಕು.

ಚಾವಣಿಯದ್ದು ಬೇರೆಯೇ ಸಮಸ್ಯೆ. ಕಲ್ಲು ಭಾರ ಹೊರುವುದರಲ್ಲಿ ಗಟ್ಟಿ, ಬಾಗುವುದರಲ್ಲಿ ದುರ್ಬಲ. ಉದ್ದದ ಕಲ್ಲನ್ನು ಎರಡು ಕಂಬದ ಮೇಲೆ ಮಲಗಿಸಿ ಭಾರ ಹೇರಿದರೆ ಅಡಿಯಲ್ಲಿ ಬಿರುಕು ಬಿಡುತ್ತದೆ. ಗಾರೆಯಿಲ್ಲದೆ ಬರೀ ಕಲ್ಲು ಜೋಡಿಸಿ ಕಟ್ಟುವವರು ಇದನ್ನು ಹೇಗೆ ಬಗೆಹರಿಸಬೇಕು? ತೆರಪನ್ನೇ ಚಿಕ್ಕದು ಮಾಡುವುದು ಒಂದು ದಾರಿ. ಚೌಕದ ನಾಲ್ಕು ಮೂಲೆಗೂ ಅಡ್ಡಲಾಗಿ ಮೂಲೆಗಲ್ಲು ಇಡುತ್ತಾರೆ. ಆಗ ನಡುವೆ ಉಳಿಯುವುದು 45 ಡಿಗ್ರಿ ತಿರುಗಿದ ಇನ್ನೊಂದು ಚೌಕ, ವಿಸ್ತೀರ್ಣ ಮೊದಲಿನದರ ಅರ್ಧ. 10 ಅಡಿ ಬದಿಯ ತೆರಪು ಸುಮಾರು 7 ಅಡಿಗೆ ಇಳಿಯಿತು. ಅದರ ಮೇಲೆ ಮತ್ತೆ ಮೂಲೆಗಲ್ಲು ಇಟ್ಟರೆ 5 ಅಡಿ. ಇನ್ನು ಒಂದು ಚಪ್ಪಡಿಯಲ್ಲಿ ಮುಚ್ಚಬಹುದು. ನೆಲದ ಮೇಲೆ ನಕ್ಷತ್ರ ಬರೆದ ಉಪಾಯವೇ ಇಲ್ಲಿ ಚಾವಣಿ ಹೊರುತ್ತಿದೆ.

ಇನ್ನೂ ಆಳವಾಗಿ ಬೇಕೆಂದಾಗ ಕಲ್ಲಿನ ಬಳೆಗಳನ್ನು ಒಂದಕ್ಕಿಂತ ಒಂದು ಒಳಕ್ಕೆ ಚಾಚಿ ಏರಿಸಿ, ನಡುವೆ ಹೂವೊಂದನ್ನು ಇಳಿಬಿಡುತ್ತಾರೆ. ನವರಂಗದ ನಡು ಅಂಕಣದ ಇಂಥ ಚಾವಣಿಗೆ ಭುವನೇಶ್ವರಿ ಎಂಬ ಹೆಸರಿದೆ. ಸೋಮನಾಥಪುರದ ಚಾವಣಿಗಳಲ್ಲಿ ಅರಳಿದ ತಾವರೆ, ಬಾಳೆಹೂವು ಕಾಣುತ್ತವೆ. ಒಂದು ಅಂಕಣದಂತೆ ಇನ್ನೊಂದಿಲ್ಲ. ಕಣ್ಣು ಕತ್ತಲಿಗೆ ಹೊಂದಿಕೊಳ್ಳುವ ತನಕ ಕಾಯಬೇಕು, ಟಾರ್ಚ್ ಇದ್ದರೆ ಇನ್ನೂ ಒಳ್ಳೆಯದು.

ಯಾರು ಮಾಡಿದರು?

ಹಳೆಯ ಗ್ರಂಥಗಳು ಕೆಲಸವನ್ನು ನಾಲ್ವರಿಗೆ ಹಂಚುತ್ತವೆ. ಇಡೀ ಕಟ್ಟಡದ ಯೋಚನೆ ಸ್ಥಪತಿಯದು. ಹಗ್ಗ ಹಿಡಿದು ಅಳತೆ ನೋಡುವವನು ಸೂತ್ರಗ್ರಾಹಿ. ಕಡಿಯುವವನು ತಕ್ಷಕ. ಕಡಿದದ್ದನ್ನು ಜೋಡಿಸಿ ನಿಲ್ಲಿಸುವವನು ವರ್ಧಕಿ. ಅಳತೆಗಾರನಿಗೆ ಕಡಿಯುವವನಿಗಿಂತ ಮೊದಲ ಜಾಗ ಕೊಟ್ಟಿರುವುದನ್ನು ಗಮನಿಸಿ.

ಜಕಣಾಚಾರಿಯ ಕಥೆ ನಮಗೆಲ್ಲ ಗೊತ್ತು. ಅದು ಜನ ಕಟ್ಟಿಕೊಂಡ ಕಥೆ. ಗೋಡೆಯ ಮೇಲೆ ನಿಜವಾಗಿ ಸಿಗುವ ಹೆಸರುಗಳು ಬೇರೆ. ಹೊಯ್ಸಳರ ಶಿಲ್ಪಿಗಳು, ಶಾಸನಗಳ ಮಾತಿನಲ್ಲಿ ರೂವಾರಿಗಳು, ಮೂರ್ತಿಯ ಪೀಠದಲ್ಲಿ ಕನ್ನಡದಲ್ಲೇ ಹೆಸರು ಕೆತ್ತಿದ್ದಾರೆ. ಬೇಲೂರಿನ ಮದನಿಕೆಯರಲ್ಲಿ ಬಳ್ಳಿಗಾವಿಯ ದಾಸೋಜ ಮತ್ತು ಅವನ ಮಗ ಚಾವಣನ ಹೆಸರುಗಳಿವೆ. ಮಲ್ಲಿತಮ್ಮನ ಹೆಸರು 1196ರ ಅಮೃತಾಪುರದ ಗುಡಿಯಲ್ಲಿ ಕಾಣಿಸಿಕೊಂಡು, ಹಲವು ಊರು ದಾಟಿ ಸೋಮನಾಥಪುರದಲ್ಲಿ ಮತ್ತೆ ಮತ್ತೆ ಬರುತ್ತದೆ. ಕೆಲವು ಕಡೆ ಪೂರ್ತಿ ಹೆಸರು, ಕೆಲವು ಕಡೆ ಬರೀ 'ಮಲ್ಲಿ', ಇನ್ನು ಕೆಲವು ಕಡೆ 'ಮ' ಅಷ್ಟೇ.

ಇವರ ಕೈ ಗುರುತಿಸಲು ಒಳ್ಳೆಯ ಜಾಗ ಹಾಸನ ಜಿಲ್ಲೆಯ ನುಗ್ಗೇಹಳ್ಳಿ. ಅಲ್ಲಿಯ ಲಕ್ಷ್ಮೀನರಸಿಂಹ ಗುಡಿ 1246ರದು. ಒಂದು ಬದಿಯ ಕೆಲಸ ಮಲ್ಲಿತಮ್ಮನದು, ಇನ್ನೊಂದು ಬದಿಯದು ನಂದಿಯ ಬೈಚೋಜನದು. ಎರಡೂ ಕಡೆ ಪಟ್ಟಿಕೆಗಳ ಸಾಲು ಒಂದೇ, ಸೂರುಗಳ ಎತ್ತರ ಒಂದೇ, ಮೂರ್ತಿಗಳಿಗೆ ಬಿಟ್ಟ ಜಾಗವೂ ಒಂದೇ. ಮೊದಲು ಒಂದು ಬದಿಯಲ್ಲಿ ನಾಲ್ಕೈದು ಮೂರ್ತಿಗಳ ಮುಖ, ಮೈಮಾಟ, ಒಡವೆ ಸರಿಯಾಗಿ ನೋಡಿಕೊಳ್ಳಿ. ಆಮೇಲೆ ಗುಡಿ ಸುತ್ತಿ ಇನ್ನೊಂದು ಬದಿಗೆ ಬನ್ನಿ. ಪೀಠದ ಮೇಲಿನ ಹೆಸರು ಓದುವ ಮೊದಲೇ ಇದು ಇನ್ನೊಬ್ಬರ ಕೈ ಎಂದು ನಿಮ್ಮ ಕಣ್ಣಿಗೆ ಗೊತ್ತಾಗುತ್ತದೆಯೇ, ನೋಡಿ.